ಕೊಂಬಿನೊಳಗಿನ ಕೈ

ಮಂಗಳೂರಿನ ಮಿಷನ್ ಚರ್ಚಿನಲ್ಲಿ ಹದಿನಾರು ವರ್ಷ ಆರ್ಗನ್ ಬಾರಿಸಿದ ಮೇಬಲ್‌ಗೆ ಒಂದು ಹಾಡನ್ನು ಅರ್ಧ ಸ್ವರ ಕೆಳಗಿಳಿಸಿ ನುಡಿಸುವುದೆಂದರೆ ನೀರು ಕುಡಿದಷ್ಟು ಸಲೀಸು. ಮಳೆಗಾಲದಲ್ಲಿ ಅರ್ಧ ಸಭೆಗೆ ಗಂಟಲು ಕಟ್ಟಿರುತ್ತಿತ್ತು. ಮುದುಕರಿಗಂತೂ ವರ್ಷವಿಡೀ ಕಟ್ಟಿರುತ್ತಿತ್ತು. ಪಾದ್ರಿಗಳು ಹೆಬ್ಬೆರಳು ಕೆಳಗೆ ಮಾಡಿ ತೋರಿಸಿದರೆ ಸಾಕು, ಪುಸ್ತಕದಲ್ಲಿ ಬರೆದದ್ದು ಒಂದಾದರೆ ಅವಳ ಬೆರಳು ಹಿಡಿಯುತ್ತಿದ್ದದ್ದು ಇನ್ನೊಂದು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಆಮೇಲೆ ನಡೆದದ್ದೆಲ್ಲ ಈ ವಿದ್ಯೆಯನ್ನು ಅವಳು ಒಂದು ದಿನ ಬೇಕೆಂದೇ ಬಳಸದೆ ಹೋದದ್ದರಿಂದ.

ಸಿರಿಲ್ ಅವಳ ಗಂಡ. ಕುವೈತಿನ ಸಬ್ಹಾನ್‌ನಲ್ಲಿ ಏರ್‌ಕಂಡೀಷನರುಗಳಿಗೆ ತಾಮ್ರದ ಪೈಪು ಬಗ್ಗಿಸಿಕೊಡುವ ಒಂದು ವರ್ಕ್‌ಶಾಪಿನಲ್ಲಿ ಫೋರ್ಮನ್ ಆಗಿದ್ದ. ಇಬ್ಬರೂ ಬ್ನೇದ್ ಅಲ್ ಗಾರ್ ಬಡಾವಣೆಯ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ ಎರಡು ಕೋಣೆ ಹಿಡಿದಿದ್ದರು. ಮಕ್ಕಳಿರಲಿಲ್ಲ. ಬೇರೆಯವರು ಮಕ್ಕಳ ಫೋಟೋ ತೂಗುಹಾಕುವ ಗೋಡೆಯಲ್ಲಿ ಸಿರಿಲ್ ಒಂದು ಕೊಂಬನ್ನು ತೂಗುಹಾಕಿದ್ದ.

ಅದು ಈಗಿನ ಬ್ಯಾಂಡಿನವರ ಹತ್ತಿರ ಇರುವ ಗುಂಡಿಗಳ ಹಾರ್ನ್ ಅಲ್ಲ. ಗುಂಡಿ, ಕೀಲಿ ಏನೂ ಇಲ್ಲದೆ ಸುಮ್ಮನೆ ಸುತ್ತಿದ ಹಿತ್ತಾಳೆಯ ಕೊಳವೆ, ತುದಿಯಲ್ಲಿ ಅಗಲವಾದ ಬಾಯಿ. ಮೊದಲನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಜರ್ಮನ್ ಪಾದ್ರಿಗಳನ್ನು ಹಿಡಿದು ಕರೆದೊಯ್ದಾಗ ಅವರಲ್ಲೊಬ್ಬರು ಬಿಟ್ಟುಹೋದದ್ದು. ಚರ್ಚ್ ಬ್ಯಾಂಡಿನ ಸುಂದರ ಮಾಷ್ಟ್ರ ಕೈ ಸೇರಿ, ಅವರಿಂದ ಶಿಷ್ಯನಾದ ಸಿರಿಲ್‌ಗೆ ಬಂತು. ಅದನ್ನು ಊದಿದರೆ ತಾನಾಗಿ ಬರುವ ಸ್ವರಗಳು ಕೆಲವೇ ಕೆಲವು. ಉಳಿದದ್ದನ್ನು ಬಲಗೈ ಹುಟ್ಟಿಸಬೇಕು. ಕೊಂಬಿನ ಬಾಯೊಳಗೆ ಅಂಗೈ ತೂರಿಸಿ ಅರ್ಧ ಮುಚ್ಚಿದರೆ ಒಂದು ಸ್ವರ, ಪೂರ್ತಿ ಮುಚ್ಚಿದರೆ ಇನ್ನೊಂದು. ತೆರೆದ ಸ್ವರ ಎದುರಿಗೆ ನಿಂತು ಮಾತಾಡುತ್ತದೆ. ಮುಚ್ಚಿದ ಸ್ವರ ಪಕ್ಕದ ಕೋಣೆಯಲ್ಲಿ ಯಾರೋ ಬಾಗಿಲು ಹಾಕಿಕೊಂಡು ಮಾತಾಡಿದ ಹಾಗೆ ಕೇಳುತ್ತದೆ. ಇನ್ನು ಶ್ರುತಿ ಬದಲಿಸಬೇಕಾದರೆ ಊದುವ ಕಡೆಗೆ ಬೇರೆ ಉದ್ದದ ಕೊಳವೆಯ ಸುರುಳಿ ಸಿಕ್ಕಿಸಬೇಕು. ಮಾಷ್ಟ್ರು ಕೊಟ್ಟ ಪೆಟ್ಟಿಗೆಯಲ್ಲಿ ಅಂಥ ಸುರುಳಿಗಳು ಮೂರಿದ್ದವು.

ಪೆಟ್ಟಿಗೆಯ ತಳದಲ್ಲಿ ಒಂದು ಸಂಗೀತದ ಪುಸ್ತಕವೂ ಇತ್ತು. ಮೊದಲ ಪುಟ ಗೆದ್ದಲಿಗೆ ಹೋಗಿ, ಬರೆದವನು ಯಾರೆಂದು ತಿಳಿಯುವ ಹಾಗಿರಲಿಲ್ಲ. ಕೊನೆಯ ಪುಟದಲ್ಲಿ ಯಾರೋ ಸೀಸದಕಡ್ಡಿಯಲ್ಲಿ 1819 ಎಂದು ಬರೆದಿದ್ದರು. ಈ ಕೊಂಬಿಗೂ ಫೋರ್ಟೆಪಿಯಾನೋಗೂ ಜೊತೆಯಾಗಿ ಬರೆದ ಒಂದು ಸೊನಾಟಾ, ಹಲವು ಭಾಗಗಳ ಉದ್ದನೆಯ ಕೃತಿ. ಫೋರ್ಟೆಪಿಯಾನೋ ಎಂದರೆ ಈಗಿನ ಪಿಯಾನೋದ ಅಜ್ಜಿ: ಒಳಗೆ ಕಬ್ಬಿಣದ ಚೌಕಟ್ಟಿಲ್ಲ, ಬರೀ ಮರ, ತಂತಿಗೆ ಬಡಿಯುವ ಸುತ್ತಿಗೆಗೆ ಚರ್ಮದ ಹೊದಿಕೆ, ದನಿ ತೆಳ್ಳಗೆ. ಈಗಿನ ಪಿಯಾನೋ ಜೊತೆ ಊದಿದರೆ ಆ ಬಡಪಾಯಿ ಕೊಂಬು ಮುಳುಗಿಯೇ ಹೋಗುತ್ತಿತ್ತು. ಹಾಗಾಗಿ ಸೊನಾಟಾ ಇಪ್ಪತ್ತು ವರ್ಷ ಪೆಟ್ಟಿಗೆಯಲ್ಲೇ ಮಲಗಿತ್ತು.

ಮಂಗಳೂರಿನಲ್ಲಿ ಸಿಗದ ಫೋರ್ಟೆಪಿಯಾನೋ ಅವರಿಗೆ ಸಿಕ್ಕಿದ್ದು, ನಂಬಿದರೆ ನಂಬಿ, ಅವರದೇ ಬೀದಿಯ ಸಮುದ್ರದ ಕಡೆಯ ಒಂದು ಹಳೇ ವಿಲ್ಲಾದಲ್ಲಿ. ಆ ಮನೆಯ ಹಿರಿಯರು ಎಣ್ಣೆಗಿಂತ ಮುಂಚೆ ಖರ್ಜೂರ, ಮುತ್ತು ಹಾಯಿಹಡಗಿನಲ್ಲಿ ಬೊಂಬಾಯಿಗೆ ಒಯ್ದು ಮಾರುತ್ತಿದ್ದವರು. ಬರುವಾಗ ಅಲ್ಲಿನ ಹರಾಜಿನಲ್ಲಿ ಇದನ್ನು ಹಿಡಿದು ತಂದಿದ್ದರು. ಮನೆಯ ಯಜಮಾನಿಯನ್ನು ಎಲ್ಲರೂ ಅಮ್ಮ ಅನ್ನುವ ಅರ್ಥದಲ್ಲಿ ಮಾಮಾ ಅನ್ನುತ್ತಿದ್ದರು. ಎಂಭತ್ತು ದಾಟಿದ ಮುದುಕಿ. ಅವಳ ಮೊಮ್ಮಕ್ಕಳಿಗೆ ಮೇಬಲ್ ಪಿಯಾನೋ ಪಾಠ ಹೇಳುತ್ತಿದ್ದಳು. ಅಡಿಗೆಯವಳು ಉಳ್ಳಾಲದ ಅಲೀಮಾ. ಗಾಳಿ ಒಣಗಿದಾಗ ಮರ ಸೀಳದಿರಲೆಂದು ಫೋರ್ಟೆಪಿಯಾನೋ ಅಡಿಯಲ್ಲಿ ನೀರು ತುಂಬಿದ ಬೋಗುಣಿ ಇಡುತ್ತಿದ್ದವಳು ಅವಳೇ.

ಶುಕ್ರವಾರ ಎಲ್ಲರಿಗೂ ರಜೆ. 1977ರ ಮಾರ್ಚಿನ ಒಂದು ಶುಕ್ರವಾರ ಚರ್ಚ್ ಮುಗಿಸಿ ಇಬ್ಬರೂ ಆ ವಿಲ್ಲಾಕ್ಕೆ ಹೋಗಿ ಸೊನಾಟಾ ಬಿಚ್ಚಿದರು. ಶ್ರುತಿ ಕೂಡಲಿಲ್ಲ. ಫೋರ್ಟೆಪಿಯಾನೋ ವಯಸ್ಸಾಗಿ ಅರ್ಧ ಸ್ವರ ಕೆಳಗೆ ಜಾರಿತ್ತು. ತಂತಿ ಬಿಗಿದರೆ ಮರ ಒಡೆಯುತ್ತದೆ. ಸಿರಿಲ್ ಮೂರೂ ಸುರುಳಿ ಸಿಕ್ಕಿಸಿ ನೋಡಿದ. ಒಂದರ ಶ್ರುತಿ ಅದಕ್ಕಿಂತ ಮೇಲೆ, ಉಳಿದೆರಡರದು ಕೆಳಗೆ.

"ನೀನು ಅರ್ಧ ಇಳಿಸಿ ಬಾರಿಸ್ತಿಯಾ?" ಅಂದ ಅವನು. "ಆಗ ನನ್ನ ಎರಡನೇ ಸುರುಳಿ ಸರಿ ಕೂತ್ಕೊಳ್ತದೆ."

"ಇದೆಂತ ಗಂಟಲು ಕಟ್ಟಿದ ಮುದುಕರ ಹಾಡಾ?" ಅಂದಳು ಮೇಬಲ್. "ಇಪ್ಪತ್ತು ವರ್ಷ ಕಾದಿದ್ದೇನೆ. ಬರ್ದ ಹಾಗೇ ಬಾರಿಸ್ತೇನೆ. ನಿಂಗೆ ಬೇಕಾದ್ರೆ ಹೊಸ ಸುರುಳಿ ಮಾಡ್ಕೋ. ಪೈಪು ಬಗ್ಗಿಸುದೇ ಅಲ್ವಾ ನಿನ್ನ ಕೆಲ್ಸ?"

ಅಹಂಕಾರ ಅನ್ನಿ, ಆಸೆ ಅನ್ನಿ. ಹದಿನಾರು ವರ್ಷ ಪಾದ್ರಿಯ ಹೆಬ್ಬೆರಳು ನೋಡಿ ಬಾರಿಸಿದವಳಿಗೆ ಒಂದು ಸಲವಾದರೂ ಬರೆದದ್ದನ್ನು ಬರೆದ ಹಾಗೆ ಬಾರಿಸಬೇಕು ಅನ್ನಿಸಿದ್ದು ತಪ್ಪೆಂದು ನಾನಂತೂ ಹೇಳಲಾರೆ. ಸಿರಿಲ್ ನಕ್ಕು, ಆಯ್ತು ಮಾರಾಯ್ತಿ ಅಂದ.

ಮುಂದಿನ ಶುಕ್ರವಾರ ಅವನು ಒಬ್ಬನೇ ಸಬ್ಹಾನ್‌ಗೆ ಹೋಗಿ ವರ್ಕ್‌ಶಾಪ್ ತೆರೆದ. ಹಿತ್ತಾಳೆ ಪೈಪನ್ನು ಕೈಯಲ್ಲಿ ಬಿಗಿಯಾಗಿ ಹಿಡಿದು ತಿರುಗುವ ಎರಡು ಉರುಳೆಗಳ ನಡುವೆ ನಿಧಾನ ಒತ್ತಬೇಕು. ಕೆಲಸದ ದಿನವಾದರೆ ಸ್ವಿಚ್ಚಿನ ಹತ್ತಿರ ಇನ್ನೊಬ್ಬ ನಿಂತಿರುತ್ತಾನೆ. ರಜೆಯ ದಿನ ಯಾರಿರುತ್ತಾರೆ? ಪೈಪಿನ ಜೊತೆ ಅವನ ಬಲಗೈಯೂ ಒಳಗೆ ಹೋಯಿತು. ಪಕ್ಕದ ಗೋದಾಮಿನ ಕಾವಲುಗಾರ ಓಡಿಬಂದು ಯಂತ್ರ ನಿಲ್ಲಿಸಿದ. ಆಸ್ಪತ್ರೆಯಲ್ಲಿ ಮಣಿಕಟ್ಟಿನ ಮೇಲೆ ಕತ್ತರಿಸಿದರು.

ಚರ್ಚಿನವರೆಲ್ಲ ನೋಡಲು ಬಂದರು. ನರ್ಸ್ ಬ್ರಿಜಿಟ್ ಕಿತ್ತಳೆಯ ಬುಟ್ಟಿ ತಂದು ಮಂಚದ ಪಕ್ಕ ಇಟ್ಟು, "ಈ ಸಿರಿಲಣ್ಣನ ಕೊಂಬಿನ ಹುಚ್ಚು ಅಂದ್ರೆ. ರಜೆ ದಿನ ಆದ್ರೂ ಮನೇಲಿ ಕೂರ್ಲಿಕ್ಕೆ ಆಗುದಿಲ್ವಾ?" ಎಂದು ನಿಟ್ಟುಸಿರು ಬಿಟ್ಟಳು. ಮೇಬಲ್ ತಲೆಯಾಡಿಸಿದಳು. ಹೌದು ಅನ್ನುವ ಹಾಗೆ ತಲೆಯಾಡಿಸಿದಳು. ಸಿರಿಲ್ ಅದನ್ನು ನೋಡಿದ, ಏನೂ ಹೇಳಲಿಲ್ಲ. ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.

ಅವನು ಹೇಳಿಬಿಟ್ಟಿದ್ದರೆ ಆಗುತ್ತಿತ್ತು ಎಂದು ಮೇಬಲ್‌ಗೆ ಅನ್ನಿಸತೊಡಗಿದ್ದು ಎರಡು ತಿಂಗಳ ಮೇಲೆ. ಅಷ್ಟು ಹೊತ್ತಿಗೆ ಗಾಯ ಮಾಗಿತ್ತು, ನೋವು ಮಾತ್ರ ಮಾಗಿರಲಿಲ್ಲ. ಇಲ್ಲದ ಕೈ ಮುಷ್ಟಿ ಕಟ್ಟಿಕೊಂಡಿದೆ, ಬಿಚ್ಚಲಿಕ್ಕೇ ಆಗುವುದಿಲ್ಲ, ಉಗುರು ಅಂಗೈಗೆ ಕುತ್ತುತ್ತದೆ ಅನ್ನುತ್ತಿದ್ದ ಸಿರಿಲ್. ಒಂದು ಮಧ್ಯಾಹ್ನ ಊಟದ ಮೇಲೆ ಅವನು ತೋಳನ್ನು ಮೇಜಿನ ಮೇಲಿಟ್ಟು, ನಾಚಿಕೊಂಡು, "ಉಗುರು ಬೆಳ್ದಿದೆ ಮೇಬಲ್. ಸ್ವಲ್ಪ ಕತ್ತರಿಸ್ತಿಯಾ?" ಅಂದ. ಅವಳು ನೈಲ್‌ಕಟರ್ ತಂದು ಎದುರು ಕೂತಳು. ತೋಳಿನ ತುದಿಯಿಂದ ಒಂದು ಗೇಣು ಆಚೆ, ಖಾಲಿ ಮೇಜಿನ ಮೇಲೆ, ಹೆಬ್ಬೆರಳಿನಿಂದ ಕಿರುಬೆರಳಿನ ತನಕ ಒಂದೊಂದಾಗಿ ಟಕ್ ಟಕ್ ಎಂದು ಕತ್ತರಿಸಿದಳು. "ಕಿರುಬೆರಳು ಒಳಗೆ ಉಂಟು, ಜಾಗ್ರತೆ" ಅಂದ ಅವನು. ಅವಳು ಜಾಗ್ರತೆಯಿಂದಲೇ ಕತ್ತರಿಸಿದಳು. ಅವತ್ತು ಸಂಜೆಯವರೆಗೆ ಅವನಿಗೆ ಸ್ವಲ್ಪ ಆರಾಮವಿತ್ತು.

ಆಸ್ಪತ್ರೆಯ ಡಾಕ್ಟರ್ ಅನಂತರಾಮು ಮೈಸೂರಿನವರು. ಮೇಬಲ್ ಒಬ್ಬಳೇ ಹೋಗಿ ಅವರನ್ನು ಕೇಳಿದಳು.

"ನೋಡಿಮ್ಮಾ, ಕೈ ಹೋಗಿದೆ ಅಂತ ನಮಗೆ ಗೊತ್ತು, ಅವರ ಮೆದುಳಿಗೆ ಗೊತ್ತಿಲ್ಲ," ಅಂದರು ಅವರು. "ಕೊನೇ ಗಳಿಗೇಲಿ ಆ ಕೈ ಏನು ಮಾಡ್ತಿತ್ತೋ ಅದನ್ನೇ ಮಾಡ್ತಾ ಇರತ್ತೆ. ಏನು ಹಿಡ್ಕೊಂಡಿದ್ರು?"

"ಪೈಪು."

"ಕೆಲವರಿಗೆ ತಾನಾಗೇ ಬಿಡತ್ತೆ. ಮನಸ್ಸಲ್ಲಿ ಏನಾದ್ರೂ ಸಿಕ್ಕಿಹಾಕಿಕೊಂಡಿದ್ರೆ ಬೇಗ ಬಿಡಲ್ಲ. ಇದು ಪುಸ್ತಕದಲ್ಲಿಲ್ಲ, ನಾನು ನೋಡಿರೋದು ಹೇಳ್ತಿದೀನಿ. ಅವರು ಮಾತಾಡ್ತಾರಾ, ಆವತ್ತಿನ ಬಗ್ಗೆ?"

ಇಲ್ಲ ಎಂದು ಅವಳು ಎದ್ದು ಬಂದಳು. ಸಿಕ್ಕಿಕೊಂಡದ್ದು ಏನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬಸ್ಸಿನಲ್ಲಿ ಕೂತು ಅದನ್ನು ಹೇಳುವ ಮಾತುಗಳನ್ನು ಜೋಡಿಸಿಕೊಂಡಳು. ಮನೆಯ ಮೆಟ್ಟಿಲು ಹತ್ತಿದವಳು ಅದನ್ನು ಹೇಳದೆ ನೇರ ಅಡಿಗೆಮನೆಗೆ ಹೋಗಿ ಅನ್ನಕ್ಕೆ ನೀರಿಟ್ಟಳು. ಹೇಳಿದರೆ ಅವನು ಹೌದು ಅಂದುಬಿಟ್ಟರೆ? ಹಾಗೊಮ್ಮೆ ಅಂದಮೇಲೆ ಒಂದೇ ಮನೆಯಲ್ಲಿ ಇಬ್ಬರೂ ಇರುವುದು ಹೇಗೆ?

ಜುಲೈನಲ್ಲಿ ಸಿರಿಲ್ ಕೊಂಬನ್ನು ಗೋಡೆಯಿಂದ ತೆಗೆದ. ಎಡಗೈಯಲ್ಲಿ ಹಿಡಿಯಬಹುದಲ್ಲ, ತೆರೆದ ಸ್ವರಗಳನ್ನಾದರೂ ಊದುತ್ತೇನೆ, ಮುಚ್ಚಿದ ಸ್ವರ ಬರುವ ಕಡೆ ಸುಮ್ಮನಿರುತ್ತೇನೆ, ನೀನು ಒಬ್ಬಳೇ ಬಾರಿಸು ಅಂದ. ವಿಲ್ಲಾದಲ್ಲಿ ಅವನು ಮಾತಿಲ್ಲದೆ ಎರಡನೇ ಸುರುಳಿ ತೆಗೆದು ಸಿಕ್ಕಿಸಿದ. ಅವಳೂ ಮಾತಿಲ್ಲದೆ ಅರ್ಧ ಸ್ವರ ಇಳಿಸಿ ಶುರುಮಾಡಿದಳು. ಅಷ್ಟು ದೊಡ್ಡ ಸೊನಾಟಾವನ್ನು ಇಳಿಸಿಕೊಳ್ಳಲು ಅವಳು ಮೊದಲೇ ಒಳಗೊಳಗೆ ಅಭ್ಯಾಸ ಮಾಡಿದ್ದಳು. ಹದಿನೈದು ದಿನ ಹಿಡಿದಿತ್ತು. ಹದಿನೈದೇ ದಿನ. ಪುಟ ತಿರುಗಿಸುವಾಗೆಲ್ಲ ಆ ಲೆಕ್ಕ ಅವಳ ಕಣ್ಣಿಗೆ ಹೊಡೆಯುತ್ತಿತ್ತು.

ಮೂರನೇ ಶುಕ್ರವಾರ ಆ ಸ್ವರ ಕೇಳಿಸಿತು. ನಿಧಾನದ ಎರಡನೇ ಭಾಗದಲ್ಲಿ ಸಿರಿಲ್ ಮೈಮರೆತು, ಹಳೇ ಅಭ್ಯಾಸದಲ್ಲಿ, ತೋಳಿನ ತುದಿಯನ್ನು ಕೊಂಬಿನ ಬಾಯಿಗೆ ಹಿಡಿದು ಊದುತ್ತಲೇ ಹೋದ. ಬರಬಾರದ ಸ್ವರ ಬಂತು. ಶ್ರುತಿ ಸರಿಯಿತ್ತು. ಮುಚ್ಚಿದ ಬಾಗಿಲಿನ ಹಿಂದಿನಿಂದ ಬಂದಂತೆ, ಅಂಗೈ ಇದ್ದಾಗ ಹೇಗಿತ್ತೋ ಹಾಗೇ. ಮೇಬಲ್ ತಿರುಗಿ ನೋಡಿದಳು. ಸುತ್ತಿ ಪಿನ್ನು ಹಾಕಿದ ಅಂಗಿಯ ತೋಳು ಕೊಂಬಿನ ಅಂಚಿನಲ್ಲಿತ್ತು, ಅದರಾಚೆ ಕೊಂಬಿನ ಒಳಗೆ ಏನೂ ಇರಲಿಲ್ಲ.

ತನ್ನ ಕಿವಿಯೇ ಕೆಟ್ಟಿರಬೇಕು ಅಂದುಕೊಂಡಳು. ಚಹಾದ ಲೋಟ ತೊಳೆದಿಡಲು ಅಡಿಗೆಮನೆಗೆ ಹೋದಾಗ ಅಲೀಮಾ ಅವಳ ಸೆರಗು ಹಿಡಿದು ನಿಲ್ಲಿಸಿದಳು.

"ಟೀಚರ್, ಕೈ ಇದ್ದಾಗ ಆ ಒಂದು ಸಲ ಸಾಹೇಬ್ರು ಇಲ್ಲಿ ಊದಿದಾಗ ನಡುವಲ್ಲಿ ಒಂದು ಮೂಗಿನ ಸ್ವರ ಬಂದಿತ್ತಲ್ಲ, ಒಳಗೆ ಯಾರೋ ಕೂತು ಹಾಡ್ದ ಹಾಗೆ. ಅದು ಕೈಯಿಂದ ಅಂತ ನೀವೇ ಹೇಳಿದ್ದು."

"ಹೌದು."

"ಮತ್ತೆ ಇವತ್ತು ಹೇಗೆ ಬಂತು?"

ಮೇಬಲ್ ಲೋಟ ತೊಳೆದು ಕವುಚಿಟ್ಟಳು. ಆಮೇಲೆ ಅಲೀಮಾ ಅವರಿಬ್ಬರೂ ನುಡಿಸುವಾಗ ಆ ಕೋಣೆಗೆ ಕಾಲಿಡುವುದನ್ನೇ ಬಿಟ್ಟಳು.

ಮನೆಗೆ ನಡೆಯುವಾಗ ಸಿರಿಲ್ ಕೇಳಿದ, "ನಿಂಗೂ ಕೇಳಿತಾ?"

"ಕೇಳಿತು."

"ಮುಷ್ಟಿ ಒಳಗೆ ಸರಿಯಾಗಿ ಕೂತ್ಕೊಳ್ತದೆ. ಕಟ್ಟಿಕೊಂಡದ್ದು ಕಟ್ಟಿಕೊಂಡೇ ಉಂಟಲ್ಲ, ಬಾಯಿ ಮುಚ್ಲಿಕ್ಕೆ ಸಾಕಾಗ್ತದೆ. ಊದಿ ಆದ್ಮೇಲೆ ಮಾತ್ರ ತಡೀಲಿಕ್ಕೆ ಆಗುದಿಲ್ಲ."

ನಿಜವೇ. ಶುಕ್ರವಾರ ಊದಿದರೆ ಶನಿವಾರ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಅಂಗಿ ಬೆವರಿಗೆ ತೊಯ್ದು ಮೈಗಂಟುತ್ತಿತ್ತು. ಹಲ್ಲು ಕಚ್ಚಿ, ಇಲ್ಲದ ಬೆರಳುಗಳ ಕಡೆ ನೋಡುತ್ತ ಕೂತಿರುತ್ತಿದ್ದ. ಆದರೂ ಮುಂದಿನ ಶುಕ್ರವಾರ ಕೊಂಬು ತೆಗೆಯುತ್ತಿದ್ದ. ಮೇಬಲ್ ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಇಪ್ಪತ್ತು ವರ್ಷ ಪೆಟ್ಟಿಗೆಯಲ್ಲಿದ್ದ ಸೊನಾಟಾ ಈಗ ಪೂರ್ತಿ ಕೇಳುತ್ತಿತ್ತು, ಕೈ ಇದ್ದಾಗ ಒಮ್ಮೆಯೂ ಹಾಗೆ ಕೇಳಿರಲಿಲ್ಲ. ಅವನ ನೋವಿನಿಂದ ಬರುವ ಸಂಗೀತಕ್ಕೆ ತಾನು ವಾರವಿಡೀ ಕಾಯುತ್ತೇನೆ ಎಂದು ಅವಳಿಗೆ ನಾಚಿಕೆಯಾಗುತ್ತಿತ್ತು, ಹೆದರಿಕೆಯೂ ಆಗುತ್ತಿತ್ತು. ಆದರೆ ಕಾಯುತ್ತಿದ್ದಳು. ಮನುಷ್ಯರ ಆಸೆಗೆ ಮಾನ ಮರ್ಯಾದೆ ಇರುವುದಿಲ್ಲ, ಅದರಲ್ಲೂ ಕಿವಿಯ ಆಸೆಗೆ.

ಡಾಕ್ಟರು ಹೇಳಿದ್ದು ಈಗ ಬೇರೆ ರೀತಿ ಕಾಡತೊಡಗಿತು. ತಾನು ಬಾಯಿಬಿಟ್ಟರೆ ಆ ಮುಷ್ಟಿ ಬಿಚ್ಚಬಹುದು. ಬಿಚ್ಚಿದರೆ ಕೊಂಬಿನ ಬಾಯಿ ಮುಚ್ಚುವವರು ಯಾರು?

ಕಫೀಲ್, ಅಂದರೆ ವೀಸಾ ಕೊಟ್ಟ ಧಣಿ, ಒಳ್ಳೆಯವನು, ಒಂದು ಕೈಯ ಫೋರ್ಮನ್‌ನನ್ನು ಗೇಟಿನಲ್ಲಿ ಕೂರಿಸಿ, ಬಂದುಹೋಗುವ ಲಾರಿಗಳ ನಂಬರು ಬರೆಯುವ ಕೆಲಸಕ್ಕೆ ಹಾಕಿ, ಇಕಾಮಾ, ಅಂದರೆ ಅಲ್ಲಿ ಇರಲು ಕೊಡುವ ಪರವಾನಗಿ, ಮುಗಿಯುವ ತನಕ ಇಟ್ಟುಕೊಂಡ. 1978ರ ಫೆಬ್ರವರಿಗೆ ಅದು ಮುಗಿಯಿತು. ಮುಂದಕ್ಕೆ ಹಾಕುವುದಿಲ್ಲ, ಖಲಾಸ್ ಅಂದ. ಮಂಗಳವಾರ ಬೊಂಬಾಯಿಯ ವಿಮಾನ. ಆ ಶುಕ್ರವಾರ ಕೊನೆಯದು. ಊರಿನಲ್ಲಿ ಫೋರ್ಟೆಪಿಯಾನೋ ಇಲ್ಲ. ಇನ್ನು ಈ ಸೊನಾಟಾ ಈ ಜನ್ಮದಲ್ಲಿ ಇಲ್ಲ.

ಮಧ್ಯಾಹ್ನದ ನಮಾಜ್ ಮುಗಿದ ಮೇಲೆ ಇಬ್ಬರೂ ಹೋದರು. ಮಾಮಾ ತಾನೂ ಕೇಳುತ್ತೇನೆ ಎಂದು ಕುರ್ಚಿ ಹಾಕಿಸಿಕೊಂಡು ಕೂತಳು, ಐದು ನಿಮಿಷಕ್ಕೆ ನಿದ್ದೆಹೋದಳು. ಹೊರಗೆ ಚಳಿಗಾಲದ ಮಬ್ಬು ಬೆಳಕಿತ್ತು. ಮೊದಲ ಭಾಗ ಮುಗಿಸಿ ಎರಡನೆಯದಕ್ಕೆ ಬಂದರು. ತೆರೆದ ಸ್ವರ, ಮುಚ್ಚಿದ ಸ್ವರ, ಒಂದು ಹೊರಗಿನಿಂದ, ಒಂದು ಒಳಗಿನಿಂದ, ಒಬ್ಬನೇ ಮನುಷ್ಯ ಬದುಕಿಯೂ ಸತ್ತೂ ಒಟ್ಟಿಗೆ ಮಾತಾಡಿದ ಹಾಗೆ. ಇಷ್ಟು ಚೆಂದದ್ದನ್ನು ಮೇಬಲ್ ಯಾವತ್ತೂ ಕೇಳಿರಲಿಲ್ಲ.

ಪುಟ ತಿರುಗಿಸುವಾಗ ಅವನ ಮುಖ ನೋಡಿದಳು. ಬಣ್ಣವೆಲ್ಲ ಇಳಿದುಹೋಗಿತ್ತು. ಕೆನ್ನೆಯ ಮೇಲೆ ಬೆವರೋ ಕಣ್ಣೀರೋ ಹರಿಯುತ್ತಿತ್ತು. ಆದರೂ ಅವಳಿಗಾಗಿ ಕೊಂಬನ್ನು ತುಟಿಯಿಂದ ತೆಗೆದಿರಲಿಲ್ಲ, ಮುಂದಿನ ಸ್ವರಕ್ಕೆ ಕಾಯುತ್ತಿದ್ದ.

ಮೇಬಲ್ ಕೈಗಳನ್ನು ಮಡಿಲಿಗೆ ತಂದಿಟ್ಟುಕೊಂಡಳು.

"ಎಂತ, ನಿಲ್ಸಿದ್ದು?"

"ಸಿರಿಲ್, ಆ ದಿನ ಅರ್ಧ ಇಳಿಸು ಅಂತ ನೀನು ಹೇಳಿದ್ದಿ. ನಂಗೆ ಬರ್ತಿತ್ತು. ಬೇಕಂತ್ಲೇ ಬಾರಿಸ್ಲಿಲ್ಲ. ಆಸ್ಪತ್ರೇಲಿ ಬ್ರಿಜಿಟ್ ಎಲ್ಲಾ ನಿನ್ನ ಹುಚ್ಚು ಅಂದಾಗ ನಾನು ಹೌದು ಅಂತ ತಲೆ ಆಡಿಸ್ದೆ. ನೀನು ನೋಡಿದ್ದಿ."

ಸಿರಿಲ್ ಕೊಂಬನ್ನು ತೊಡೆಯ ಮೇಲಿಟ್ಟುಕೊಂಡ. ಹೋಗಲಿ ಬಿಡು ಅನ್ನುತ್ತಾನೆ ಎಂದು ಅವಳ ಮನಸ್ಸಿನ ಒಂದು ಮೂಲೆ ಕಾಯುತ್ತಿತ್ತು. ಅವನು ಹಾಗನ್ನಲಿಲ್ಲ.

"ಹೌದು, ನೋಡಿದೆ," ಅಂದ. "ನೀನು ಇಳಿಸಿ ಬಾರಿಸ್ಬಹುದಿತ್ತು. ಬಾರಿಸಿದ್ರೆ ನನ್ನ ಕೈ ಇರ್ತಿತ್ತು."

ಹನ್ನೊಂದು ತಿಂಗಳು ಹೆದರಿಕೊಂಡಿದ್ದ ಮಾತು. ಕೇಳಿದಾಗ ಎದೆಯೇ ಒಡೆದುಹೋಗುತ್ತದೆ ಅಂದುಕೊಂಡಿದ್ದಳು. ಒಡೆಯಲಿಲ್ಲ. ನೋವಾಯಿತು, ಬಹಳ ನೋವಾಯಿತು, ಆದರೆ ಕೂತಲ್ಲೇ ಕೂತಿದ್ದಳು, ಅವನೂ ಎದ್ದುಹೋಗಲಿಲ್ಲ.

"ಮತ್ತೆ ಯಾಕೆ ಇಷ್ಟು ದಿನ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಪಿಯಾನೋ ಮುಟ್ತಿರ್ಲಿಲ್ಲ. ಆಮೇಲೆ ನಂಗೆ ಎಂತ ಉಳೀತಿತ್ತು?" ಅವನ ದನಿ ಏರಿತು. "ಸಿಟ್ಟು ಬರ್ತಿತ್ತು ಮೇಬಲ್. ನೀನು ಎರಡು ಕೈಯಲ್ಲಿ ಅನ್ನ ಬಸಿಯುದು ನೋಡಿದ್ರೂ ಸಿಟ್ಟು ಬರ್ತಿತ್ತು."

ಇನ್ನೂ ಏನೋ ಹೇಳಹೊರಟವನು ತಟ್ಟನೆ ನಿಂತ. ತಲೆ ತಗ್ಗಿಸಿ ಬಲ ತೋಳಿನ ಆಚೆ, ಏನೂ ಇಲ್ಲದ ಕಡೆ ನೋಡಿದ.

"ಹೆಬ್ಬೆರಳು," ಅಂದ. ಸ್ವಲ್ಪ ಹೊತ್ತು ಬಿಟ್ಟು, "ತೋರುಬೆರಳೂ. ಬಿಡ್ತಾ ಉಂಟು."

ಮೇಬಲ್ ಅವನ ಕಡೆ ಪೂರ್ತಿ ತಿರುಗಿ ಕೂತಳು. ಅವನು ಒಂದೊಂದೇ ಬೆರಳಿನ ಹೆಸರು ಹೇಳಿದ. ಕಿರುಬೆರಳಿಗೆ ಬಹಳ ಹೊತ್ತು ಹಿಡಿಯಿತು. ಆಮೇಲೆ ಅವನ ಹೆಗಲು ಕೆಳಗಿಳಿಯಿತು, ಹಣೆಯ ಗಂಟು ಸಡಿಲವಾಯಿತು. ಇಷ್ಟು ತಿಂಗಳಲ್ಲಿ ಅವಳು ಮರೆತೇಬಿಟ್ಟಿದ್ದ ಮುಖ ಅದು. ಅವನು ನಕ್ಕುಬಿಟ್ಟ, ಅಳುತ್ತಲೇ ನಕ್ಕ.

"ಎರಡನೇ ಭಾಗ ಮೊದಲಿಂದ ಬಾರಿಸುವ," ಅಂದ.

ಮೇಬಲ್ ಪುಟ ಹಿಂದಕ್ಕೆ ತಿರುಗಿಸಿದಳು. ಶುರುಮಾಡಿದಳು. ತೆರೆದ ಸ್ವರಗಳು ಬಂದವು, ದುಂಡಗೆ, ಸಲೀಸಾಗಿ, ಹಿಂದೆಂದಿಗಿಂತ ಚೆನ್ನಾಗಿ. ಮೊದಲ ಮುಚ್ಚಿದ ಸ್ವರದ ಜಾಗ ಬಂತು. ಸಿರಿಲ್ ತೋಳನ್ನು ಕೊಂಬಿನ ಬಾಯಿಗೆ ಹಿಡಿದು ಊದಿದ. ಅಕ್ಕಪಕ್ಕದ ಇನ್ನಾವುದೋ ಸ್ವರ ಒರಟಾಗಿ ಹೊರಬಿದ್ದು, ಕುರ್ಚಿಯಲ್ಲಿ ಮಾಮಾ ಬೆಚ್ಚಿ ಕಣ್ಣುಬಿಟ್ಟಳು. ಅವನು ಇನ್ನೊಮ್ಮೆ ಊದಿದ. ಮತ್ತೆ ಅದೇ. ಕೊಂಬನ್ನು ತುಟಿಯಿಂದ ತೆಗೆದು ಅದರ ಬಾಯೊಳಗೆ ಇಣುಕಿ ನೋಡಿದ.

"ಹೋಯ್ತು," ಅಂದ.

ಮೇಬಲ್ ನಿಲ್ಲಿಸಲಿಲ್ಲ. ಅವನಿಗೆ ಬರುವ ಸ್ವರಗಳನ್ನು ಅವನು ಊದಿದ. ಬಾರದ ಕಡೆಯಲ್ಲಿ ಅವಳು ಪುಸ್ತಕದಲ್ಲಿ ಬರೆದಷ್ಟು ಹೊತ್ತು ಕಾದು, ಏನೂ ಕೇಳದೆ ಇದ್ದಾಗ ಮುಂದಿನದ್ದನ್ನು ಬಾರಿಸಿದಳು. ಹಾಗೆ ಕಾಯುವಾಗಲೆಲ್ಲ ಅವಳಿಗೆ ಕೇಳುತ್ತಿದ್ದದ್ದು ಪಕ್ಕದಲ್ಲಿ ಸಿರಿಲ್ ನೋವಿಲ್ಲದೆ ಉಸಿರಾಡುವ ಸದ್ದು ಮಾತ್ರ.